ಮರಿ ಹಾರುವವರೆಗಿನ ಕೆಲಸ

ಒಂದು ಕಾಡಿನಲ್ಲಿ, ಹೊಳೆ ತಿರುಗುವ ಜಾಗದಲ್ಲಿ, ದೊಡ್ಡದೊಂದು ಹೊಂಗೆಮರವಿತ್ತು. ಬೇಸಿಗೆ ಬಂತೆಂದರೆ ಸುತ್ತಲಿನ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತಿದ್ದವು. ಹೊಂಗೆ ಮಾತ್ರ ಹೊಸ ಎಲೆ ತುಂಬಿಕೊಂಡು ತಣ್ಣಗಿರುತ್ತಿತ್ತು. ಅದಕ್ಕೇ ಸಣ್ಣಪುಟ್ಟ ಹಕ್ಕಿಗಳೆಲ್ಲ ಗೂಡು ಕಟ್ಟಲು ಅಲ್ಲಿಗೆ ಬರುತ್ತಿದ್ದವು. ಕೆಳಗಿನ ಕೊಂಬೆಯಲ್ಲಿ ಪಿಕಳಾರ, ನಡುಗೊಂಬೆಯಲ್ಲಿ ಬೆಳವ, ತುದಿಯಲ್ಲಿ ಪುಟ್ಟ ಸೂರಕ್ಕಿ. ಮರದ ತುಂಬ ಗೂಡು. ಗೂಡಿನ ತುಂಬ ಮರಿ.

ಮರಿಗಳಿದ್ದಲ್ಲಿ ಕಳ್ಳರೂ ಇರುತ್ತಾರೆ. ಕಾಗೆ ಬರುತ್ತದೆ, ಓತಿಕ್ಯಾತ ಬರುತ್ತದೆ, ಹಾವು ಬರುತ್ತದೆ. ಅದಕ್ಕಾಗಿ ಆ ಮರದ ಹಕ್ಕಿಗಳು ಒಬ್ಬ ಕಾವಲುಗಾರ್ತಿಯನ್ನು ಇಟ್ಟುಕೊಂಡಿದ್ದವು. ಅವಳು ಕಾಜಾಣ. ಹೆಸರು ನೀಲವ್ವ.

ನೀಲವ್ವನ ಮೈ ಕಪ್ಪು. ಬಿಸಿಲು ಬಿದ್ದರೆ ಆ ಕಪ್ಪಿನಲ್ಲಿ ನೀಲಿ ಹೊಳೆಯುತ್ತಿತ್ತು. ಬಾಲ ಕವಲು. ಗಾತ್ರದಲ್ಲಿ ಸಣ್ಣವಳು. ಆದರೆ ಧೈರ್ಯದಲ್ಲಿ ಅವಳನ್ನು ಮೀರಿಸುವವರು ಆ ಕಾಡಿನಲ್ಲಿ ಇರಲಿಲ್ಲ. ಒಣಗಿದ ಕೊಂಬೆಯ ತುದಿಯಲ್ಲಿ ಕೂತು ನಾಲ್ಕೂ ದಿಕ್ಕು ನೋಡುತ್ತಿದ್ದಳು. ಕಾಗೆ ಬಂದರೆ ಬೆನ್ನಟ್ಟಿ ನೆತ್ತಿ ಕುಕ್ಕುತ್ತಿದ್ದಳು. ಬೇರೆ ಹಕ್ಕಿಗಳ ದನಿ ತೆಗೆಯುವುದೂ ಅವಳಿಗೆ ಬರುತ್ತಿತ್ತು. ಒಮ್ಮೊಮ್ಮೆ ಮರಿಗಳು ಅತ್ತರೆ ಕೋಗಿಲೆಯಂತೆ ಕೂಗಿ, ಗಿಳಿಯಂತೆ ಕಿರುಚಿ ನಗಿಸುತ್ತಿದ್ದಳು.

ಕೂಲಿ ಏನೆಂದರೆ, ಕಾವಲು ಬಿಟ್ಟು ಹೋಗಲಾಗದ ಅವಳಿಗೆ ಮರದ ಹಕ್ಕಿಗಳು ಸರದಿಯ ಮೇಲೆ ಹುಳ ತಂದು ಕೊಡುತ್ತಿದ್ದವು. ಅವಳ ಗಂಡನಿಗೂ ಒಂದು ಪಾಲು. ಇರಲಿಕ್ಕೆ ಒಂದು ಕೊಂಬೆ.

ಆದರೆ ಆ ಕೆಲಸ ಹಂಗಾಮಿ. ಮರಿಗಳು ಹಾರುವವರೆಗೆ ಮಾತ್ರ. ಮರಿ ಹಾರಿತೆಂದರೆ ಗೂಡು ಖಾಲಿ. ಗೂಡು ಖಾಲಿಯಾದರೆ ಕಾವಲು ಯಾರಿಗೆ ಬೇಕು?

ನೀಲವ್ವನ ಗಂಡ ಕರಿಬಸವನಿಗೆ ಇದೇ ಚಿಂತೆ. ಬೇಸಿಗೆಯ ಮೊದಲ ಗಾಳಿಗೆ ಮುರಿದ ಕೊಂಬೆಯೊಂದು ಅವನ ಮೇಲೆ ಬಿದ್ದು ಎಡರೆಕ್ಕೆ ಜಖಂ ಆಗಿತ್ತು. ಒಂದು ಮರದಿಂದ ಪಕ್ಕದ ಮರಕ್ಕೆ ಹಾರುವಷ್ಟರಲ್ಲಿ ದಣಿದುಬಿಡುತ್ತಿದ್ದ. ಹಾಗಾಗಿ ಆ ವರ್ಷ ಅವರು ಸ್ವಂತ ಗೂಡನ್ನೂ ಕಟ್ಟಿರಲಿಲ್ಲ.

"ಹೋದ ಮಳೆಗಾಲ ನೆನಪಿದೆಯಾ ನಿನಗೆ?" ಎಂದು ಅವನು ಆಗಾಗ ಕೇಳುತ್ತಿದ್ದ.

ನೀಲವ್ವನಿಗೆ ನೆನಪಿತ್ತು. ಕೆಲಸ ಮುಗಿದ ಮೇಲೆ ಮರದಿಂದ ಮರಕ್ಕೆ ಅಲೆದಿದ್ದರು. ಕಾವಲು ಬೇಕೇ, ಕಾವಲು ಬೇಕೇ ಎಂದು ಕೇಳಿದ್ದರು. ಎಲ್ಲೂ ಬೇಡವಾಗಿತ್ತು. ನೆಂದ ಪುಕ್ಕದಲ್ಲಿ, ಹಸಿದ ಹೊಟ್ಟೆಯಲ್ಲಿ, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಆಗ ಕರಿಬಸವನ ರೆಕ್ಕೆಯಾದರೂ ಗಟ್ಟಿಯಿತ್ತು.

"ಈ ಸಲ ನನ್ನಿಂದ ಅಷ್ಟು ಅಲೆಯಲಾಗುವುದಿಲ್ಲ ನೀಲಾ. ಒಂದು ಕಾಯಂ ಕೆಲಸ ಸಿಕ್ಕಿದ್ದರೆ..." ಎಂದು ಅವನು ಮಾತು ಅಲ್ಲಿಗೇ ನಿಲ್ಲಿಸುತ್ತಿದ್ದ.

ಒಂದು ಬೆಳಿಗ್ಗೆ ಹೊಂಗೆಮರದ ಬುಡಕ್ಕೆ ಒಂದು ಕೆಂಬೂತ ಬಂತು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು, ಉದ್ದ ಬಾಲ. ಕೆಂಬೂತಕ್ಕೆ ಹಾರಾಟ ಅಷ್ಟಕ್ಕಷ್ಟೆ. ನೆಲದ ಮೇಲೆ ನಡೆದೇ ಬಂತು. ಅದರ ನಡಿಗೆಯಲ್ಲಿ ದೊಡ್ಡ ಅಧಿಕಾರಿಯ ಗತ್ತಿತ್ತು.

ನೀಲವ್ವ ರೆಕ್ಕೆ ಬಿಚ್ಚಿ ಸಿದ್ಧಳಾದಳು. "ಯಾರು ಅಲ್ಲಿ? ಮರ ಹತ್ತಬೇಡಿ. ಅಲ್ಲಿಂದಲೇ ಮಾತಾಡಿ."

"ಹತ್ತುವುದಿಲ್ಲಮ್ಮ, ಹತ್ತುವುದಿಲ್ಲ," ಎಂದ ಕೆಂಬೂತ. "ನಿನ್ನ ಈ ಎಚ್ಚರದ ಸುದ್ದಿ ಕೇಳಿಯೇ ಬಂದಿದ್ದು. ನಾನು ಗವಿಗುಡ್ಡದ ಹದ್ದಿನ ದೊರೆಗಳ ಕಾರಭಾರಿ. ಅವರ ಮನೆವಾರ್ತೆಯೆಲ್ಲ ನನ್ನ ಕೈಯಲ್ಲೇ ಇದೆ."

ಗವಿಗುಡ್ಡದ ಹದ್ದನ್ನು ಅರಿಯದವರಿರಲಿಲ್ಲ. ಹಾವುಗಳನ್ನೇ ಹಿಡಿದು ತಿನ್ನುವ ದೊಡ್ಡ ಹದ್ದು ಅದು. ಅದು ಆಕಾಶದಲ್ಲಿ ಸುತ್ತಿದರೆ ನೆಲದ ಮೇಲೆ ನಾಗರಹಾವೂ ಬಿಲ ಹುಡುಕುತ್ತಿತ್ತು.

"ದೊರೆಗಳಿಗೆ ಒಬ್ಬ ಕಾವಲುಗಾರ್ತಿ ಬೇಕಾಗಿದೆ," ಎಂದ ಕೆಂಬೂತ. "ಹಂಗಾಮಿ ಅಲ್ಲ, ಕಾಯಂ. ಬದುಕಿರುವವರೆಗೂ ಕೆಲಸ. ಮಳೆಗಾಲದಲ್ಲಿ ಗವಿಯೊಳಗೆ ಬೆಚ್ಚಗಿನ ಜಾಗ. ಎರಡು ಹೊತ್ತು ಊಟ. ನಿನ್ನ ಗಂಡನಿಗೆ ರೆಕ್ಕೆ ಸರಿಯಿಲ್ಲವಂತೆ. ಅವನೂ ಬಂದು ಇರಲಿ, ಯಾರೂ ಕೇಳುವುದಿಲ್ಲ."

ಕರಿಬಸವ ಪಕ್ಕದ ಕೊಂಬೆಯಲ್ಲಿ ಕೂತು ಕೇಳುತ್ತಿದ್ದ. ಅವನ ಕಣ್ಣು ಅರಳಿತು.

ನೀಲವ್ವನ ಮನಸ್ಸೂ ಒಂದು ಕ್ಷಣ ಬೆಚ್ಚಗಿನ ಗವಿಯೊಳಗೆ ಹೋಗಿ ಬಂತು. ಅವಳು ಕೇಳಿದಳು, "ಯಾವಾಗ ಬರಬೇಕು?"

"ನಾಳೆ ಬೆಳಿಗ್ಗೆಯೇ. ಗವಿಗುಡ್ಡದ ನೆತ್ತಿಯಲ್ಲಿ ಒಂಟಿ ಆಲದ ಮರ ಇದೆಯಲ್ಲ, ಅಲ್ಲಿ ಹೋಗಿ ಕೂತಿರು. ಕರೆಯುತ್ತಾರೆ."

"ನಾಳೆಯೇ? ಇಲ್ಲಿ ಮರಿಗಳು ಇನ್ನೂ ಹಾರಿಲ್ಲವಲ್ಲ."

ಕೆಂಬೂತ ನಕ್ಕ. "ಇದೇನು ಮಹಾ ಕೆಲಸವಮ್ಮ? ಇವತ್ತಿದೆ, ನಾಳೆ ಇಲ್ಲ. ಮರಿ ಹಾರಿದ ಮೇಲೆ ಈ ಹಕ್ಕಿಗಳು ನಿನ್ನ ಮುಖ ನೋಡುತ್ತವಾ? ನಿನ್ನಂಥವಳು ಇಂಥ ಕಡೆ ಕೊಳೆಯಬಾರದು. ಯೋಚಿಸು. ಆ ಕೆಲಸಕ್ಕೆ ಬೇರೆಯವರೂ ಆಸೆಪಟ್ಟು ಕಾಯುತ್ತಿದ್ದಾರೆ. ನಾಳೆ ಬಂದು ಉತ್ತರ ತೆಗೆದುಕೊಳ್ಳುತ್ತೇನೆ."

ಬಂದ ಗತ್ತಿನಲ್ಲೇ ಕೆಂಬೂತ ನಡೆದು ಹೋದ. ಹೋಗುವಾಗ ಒಮ್ಮೆ ತಲೆಯೆತ್ತಿ ಗೂಡುಗಳ ಕಡೆ ನೋಡಿದ. ನೀಲವ್ವ ಅದನ್ನು ಗಮನಿಸಲಿಲ್ಲ. ಅವಳು ಗಂಡನ ಮುಖ ನೋಡುತ್ತಿದ್ದಳು.

"ಯೋಚನೆ ಮಾಡಲಿಕ್ಕೆ ಇದರಲ್ಲಿ ಏನಿದೆ?" ಎಂದ ಕರಿಬಸವ. "ಕೇಳಿಕೊಂಡು ಅಲೆದರೂ ಸಿಗದ ಕೆಲಸ ತಾನಾಗಿ ಮರದ ಬುಡಕ್ಕೆ ಬಂದಿದೆ."

"ಇವರಿಗೆ ಮಾತು ಕೊಟ್ಟಿದ್ದೇನೆ."

"ಮಾತು ಮಳೆಗೆ ಕೊಡೆಯಾಗುತ್ತದಾ?"

ಅವನು ಹೇಳಿದ್ದು ಸುಳ್ಳಲ್ಲ. ಅವನ ಜೋತುಬಿದ್ದ ರೆಕ್ಕೆ ನೀಲವ್ವನ ಕಣ್ಣೆದುರಿಗೇ ಇತ್ತು. ಅವಳು ಕೆಳಗಿಳಿದು ನಡುಗೊಂಬೆಯಲ್ಲಿದ್ದ ಮುದಿ ಬೆಳವದ ಹತ್ತಿರ ಹೋದಳು. ಬೆಳವದ ಹೆಸರು ಸಾವಂತ್ರವ್ವ. ಆ ಮರದ ಹಕ್ಕಿಗಳಿಗೆಲ್ಲ ಹಿರಿಯಳು. ಬೇಸಿಗೆಯ ಮೊದಲಲ್ಲಿ ನೀಲವ್ವನನ್ನು ಕಾವಲಿಗೆ ಕರೆದವಳೂ ಅವಳೇ.

"ಅಜ್ಜಿ, ನನಗೆ ಕಾಯಂ ಕೆಲಸ ಬಂದಿದೆ," ಎಂದು ನೀಲವ್ವ ಇದ್ದದ್ದನ್ನು ಇದ್ದಹಾಗೆ ಹೇಳಿದಳು. "ನೀವೇನಾದರೂ ನನ್ನನ್ನು ವರ್ಷಪೂರ್ತಿ ಇಟ್ಟುಕೊಳ್ಳುತ್ತೀರಾ?"

ಸಾವಂತ್ರವ್ವ ಗೂಡಿನ ಮರಿಗಳ ಮೇಲೆ ರೆಕ್ಕೆ ಹರಡಿಕೊಂಡಳು.

"ಇಲ್ಲ ಮಗಳೇ. ಸುಳ್ಳು ಹೇಳಿ ನಿನ್ನನ್ನು ಉಳಿಸಿಕೊಳ್ಳಲಾರೆ. ಮರಿ ಹಾರಿದ ಮೇಲೆ ನಾವೇ ಇಲ್ಲಿರುವುದಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ. ನಮ್ಮಿಂದ ಕೊಡಲಾಗುವುದು ಇಷ್ಟೇ."

"ನಾನು ಹೋದರೆ?"

"ಹೋಗಬೇಡ ಎನ್ನಲು ನನಗೆ ಬಾಯಿಲ್ಲ. ನಿನ್ನ ಗಂಡನ ಕಷ್ಟ ನಮಗೂ ಕಾಣುತ್ತದೆ." ಸಾವಂತ್ರವ್ವನ ದನಿ ಸಣ್ಣದಾಯಿತು. "ಆದರೆ ಇವುಗಳಿಗೆ ಇನ್ನೂ ಪುಕ್ಕ ಬಲಿತಿಲ್ಲ. ಎತ್ತಿಕೊಂಡು ಬೇರೆ ಕಡೆ ಹೋಗಲು ನಮಗಾಗುವುದಿಲ್ಲ. ಹೋಗುವುದಾದರೆ ಹೇಳಿ ಹೋಗು. ಹೇಳದೆ ಮಾತ್ರ ಹೋಗಬೇಡ."

ಬೆಳವದ ರೆಕ್ಕೆಯಡಿಯಿಂದ ಒಂದು ಮರಿ ತಲೆ ಹೊರಗೆ ಹಾಕಿತು. ಅದು ಇನ್ನೂ ಸರಿಯಾಗಿ ಕಣ್ಣೂ ಬಿಟ್ಟಿರಲಿಲ್ಲ. ಯಾರೋ ಬಂದರು ಎಂದು ಬಾಯಿ ತೆರೆಯಿತು, ಅಷ್ಟೆ.

ನೀಲವ್ವ ಮತ್ತೆ ಒಣಕೊಂಬೆಯ ತುದಿಗೆ ಬಂದಳು. ಅಲ್ಲಿ ಕೂತು ಯೋಚಿಸಿದಳು. ಕೆಲಸ ಒಪ್ಪಿಕೊಂಡಾಗ ಇದು ಹಂಗಾಮಿ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಒಪ್ಪಿದ್ದಳು. ಆ ಹಕ್ಕಿಗಳು ಅವಳನ್ನು ನಂಬಿ ಮೊಟ್ಟೆಯಿಟ್ಟಿದ್ದವು. ಕೆಲಸ ಸಣ್ಣ ಅವಧಿಯದು ಎಂದಮಾತ್ರಕ್ಕೆ ಮಾತೂ ಸಣ್ಣದಾಗುತ್ತದೆಯೇ?

ಬೆಳಗಾಗುವಷ್ಟರಲ್ಲಿ ಅವಳ ಮನಸ್ಸು ಗಟ್ಟಿಯಾಗಿತ್ತು.

ಹೇಳಿದಂತೆ ಕೆಂಬೂತ ಬಂದ. "ಏನಮ್ಮ, ಹೊರಟೆಯಾ?"

"ಬರುತ್ತೇನೆ," ಎಂದಳು ನೀಲವ್ವ. "ಆದರೆ ಇವತ್ತಲ್ಲ. ಇಲ್ಲಿನ ಕೊನೆಯ ಮರಿ ಹಾರಿದ ದಿನವೇ ಬರುತ್ತೇನೆ. ಅಲ್ಲಿಯವರೆಗೆ ದೊರೆಗಳು ಕಾಯಲಿ."

"ದೊರೆಗಳು ಕಾಯುವುದೇ?" ಕೆಂಬೂತನ ಕೆಂಗಣ್ಣು ಇನ್ನಷ್ಟು ಕೆಂಪಾಯಿತು. "ಕಾಯಂ ಕೆಲಸ ಕೊಡುವವರು ನಿನ್ನ ಹಂಗಾಮು ಮುಗಿಯಲಿ ಎಂದು ಕೂತಿರುತ್ತಾರಾ? ಇವತ್ತು ಬಂದರೆ ಉಂಟು. ಇಲ್ಲದಿದ್ದರೆ ಇಲ್ಲ."

"ಹಾಗಾದರೆ ಇಲ್ಲ."

ಇಷ್ಟು ಚಿಕ್ಕ ಉತ್ತರವನ್ನು ಕೆಂಬೂತ ಎಣಿಸಿರಲಿಲ್ಲ. ತಿರುಗಿ ಪೊದೆಯೊಳಗೆ ಹೋದ. ಆದರೆ ದೂರ ಹೋಗಲಿಲ್ಲ. ಕರಿಬಸವ ಹುಳ ಹುಡುಕಲು ನೆಲಕ್ಕಿಳಿಯುವುದನ್ನೇ ಕಾದು, ಮೆಲ್ಲನೆ ಅವನ ಪಕ್ಕಕ್ಕೆ ಬಂದ.

"ನೀನಾದರೂ ಬುದ್ಧಿವಂತ," ಎಂದ. "ನಿನ್ನನ್ನು ನೋಡಿ ನನಗೆ ಕರುಳು ಚುರ್ ಎನ್ನುತ್ತದೆ. ದೊರೆಗಳ ಹತ್ತಿರ ಏನೋ ಹೇಳಿ ನಾಳೆ ಮಧ್ಯಾಹ್ನದವರೆಗೆ ತಡೆಯುತ್ತೇನೆ. ಹೆಂಡತಿಗೆ ತಿಳಿಸಿ ಹೇಳಿ ಗುಡ್ಡಕ್ಕೆ ಕಳಿಸು. ಕಳಿಸಿದರೆ ನಿನ್ನ ಕಷ್ಟ ಕಳೆಯಿತು. ಕಳಿಸದಿದ್ದರೆ ಮಳೆ ಬರುತ್ತದೆ, ನೋಡಿಕೋ."

ಆ ಸಂಜೆ ಗಂಡ ಹೆಂಡತಿಗೆ ದೊಡ್ಡ ಜಗಳವಾಯಿತು. ಮರದ ಹಕ್ಕಿಗಳೆಲ್ಲ ಕೇಳಿಸಿಯೂ ಕೇಳಿಸದವರಂತೆ ಕೂತಿದ್ದವು.

"ಯಾರದೋ ಮರಿಗಳಿಗಾಗಿ ನಿನ್ನ ಗಂಡನನ್ನು ಮಳೆಯಲ್ಲಿ ನಿಲ್ಲಿಸುತ್ತೀಯಾ?" ಎಂದ ಕರಿಬಸವ.

"ನಿಲ್ಲಿಸುವುದಿಲ್ಲ. ಈ ಕೆಲಸ ಮುಗಿದ ದಿನದಿಂದ ಹುಡುಕುತ್ತೇನೆ. ಸಿಗುವವರೆಗೆ ಹುಡುಕುತ್ತೇನೆ. ನಿಮ್ಮನ್ನು ಒಂದು ಪೊಟರೆಯಲ್ಲಿ ಕೂರಿಸಿ ನಾನೊಬ್ಬಳೇ ಅಲೆಯುತ್ತೇನೆ. ಆದರೆ ಇವುಗಳನ್ನು ಬಿಟ್ಟು ನಾಳೆ ಹೋಗುವುದಿಲ್ಲ."

"ಇದೇ ಕೊನೆಯ ಮಾತಾ?"

"ಇದೇ."

ಹೆಂಡತಿಯ ಹಟ ಕರಿಬಸವನಿಗೆ ಗೊತ್ತಿತ್ತು. ಕೊನೆಗೆ ಅವನೂ ಹಟ ಹಿಡಿದ.

"ಹಾಗಾದರೆ ನಾನೇ ಗುಡ್ಡಕ್ಕೆ ಹೋಗುತ್ತೇನೆ. ಈ ಕಾರಭಾರಿಯನ್ನು ಬಿಟ್ಟು ನೇರವಾಗಿ ದೊರೆಗಳನ್ನೇ ಕೇಳುತ್ತೇನೆ. ಮರಿ ಹಾರುವವರೆಗೆ ಕಾಯಿರಿ ಎಂದು ಕಾಲು ಹಿಡಿಯುತ್ತೇನೆ."

"ಅಷ್ಟು ದೂರ! ಈ ರೆಕ್ಕೆಯಲ್ಲಿ?"

"ಹಾರಲಾಗದಿದ್ದರೆ ಕುಪ್ಪಳಿಸುತ್ತೇನೆ. ನೀನು ನಿನ್ನ ಮಾತು ಉಳಿಸಿಕೋ. ನಾನು ಆ ಕೆಲಸ ಉಳಿಸುತ್ತೇನೆ."

ನೀಲವ್ವ ತಡೆಯಲಿಲ್ಲ. ಅವನ ರೆಕ್ಕೆಯ ಪುಕ್ಕಗಳನ್ನು ಕೊಕ್ಕಿನಿಂದ ಒಂದೊಂದಾಗಿ ಸವರಿ ನೇರ ಮಾಡಿದಳು. ಮಾರನೆಯ ಬೆಳಿಗ್ಗೆ ಕರಿಬಸವ ಗವಿಗುಡ್ಡದ ಕಡೆ ಹೊರಟ.

ಲಂಟಾನದ ಪೊದೆಯಲ್ಲಿ ಅಡಗಿದ್ದ ಕೆಂಬೂತ ಅದನ್ನು ನೋಡಿದ. ಕಪ್ಪು ಮೈ, ಕವಲು ಬಾಲ, ಗುಡ್ಡದ ಕಡೆ ಹಾರಿ ಹೋಗುತ್ತಿರುವ ಕಾಜಾಣ! ಗಂಡು ಯಾವುದು, ಹೆಣ್ಣು ಯಾವುದು ಎಂದು ದೂರದಿಂದ ಅವನಿಗೆ ತಿಳಿಯಲಿಲ್ಲ. "ಕೊನೆಗೂ ಹೊರಟಳು!" ಎಂದು ಅವನು ಬಾಯಿ ಚಪ್ಪರಿಸಿದ. "ಆ ಕುಂಟುರೆಕ್ಕೆಯವನು ಒಬ್ಬನೇ ಏನು ಮಾಡಿಯಾನು? ಬಿಸಿಲು ಏರಲಿ. ತಾಯಂದಿರೆಲ್ಲ ಹುಳ ಹುಡುಕಲು ಹೋಗಲಿ. ಆಮೇಲೆ ಮರ ನನ್ನದು."

ಇತ್ತ ಕರಿಬಸವ ಒಂದು ಮರದಿಂದ ಇನ್ನೊಂದು ಮರಕ್ಕೆ ಹಾರಿ, ಕೂತು, ಉಸಿರು ತೆಗೆದುಕೊಂಡು ಮತ್ತೆ ಹಾರುತ್ತಿದ್ದ. ಮರಗಳು ಮುಗಿದು ಹುಲ್ಲುಗಾವಲು ಬಂತು. ಅಲ್ಲಿ ಕೂರಲು ಕೊಂಬೆಯಿಲ್ಲ. ಅರ್ಧ ದಾರಿಯಲ್ಲಿ ರೆಕ್ಕೆ ಕೈಕೊಟ್ಟಿತು. ಹುಲ್ಲಿನ ಮೇಲೆ ಬಿದ್ದ. ಎದ್ದ. ಕುಪ್ಪಳಿಸಿದ. ಮತ್ತೆ ಬಿದ್ದ.

ಅಲ್ಲಿ ಕಾಡೆಮ್ಮೆಗಳ ಹಿಂಡೊಂದು ಮೇಯುತ್ತಿತ್ತು. ಹಿಂಡಿನ ಯಜಮಾನಿ, ಬಿಳಿಗಾಲಿನ ದೊಡ್ಡ ಕಾಡೆಮ್ಮೆ, ತಲೆ ಬಗ್ಗಿಸಿ ಅವನನ್ನು ನೋಡಿದಳು. "ಎಲ್ಲಿಗಪ್ಪಾ ಇಷ್ಟು ಕಷ್ಟಪಟ್ಟು?"

"ಗವಿಗುಡ್ಡಕ್ಕೆ, ಅಕ್ಕ. ಮಧ್ಯಾಹ್ನದೊಳಗೆ ತಲುಪಲೇಬೇಕು."

"ನಾವೂ ಆ ಕಡೆಗೇ ಹೊರಟಿದ್ದೇವೆ. ಬೆನ್ನ ಮೇಲೆ ಹತ್ತು."

ಕರಿಬಸವ ಹತ್ತಿ ಕೂತ. ಕಾಡೆಮ್ಮೆ ನಡೆದಂತೆ ಹುಲ್ಲಿನಿಂದ ಮಿಡತೆಗಳು ಪುರ್ರನೆ ಏಳುತ್ತಿದ್ದವು. ಕೂತಲ್ಲಿಂದಲೇ ಕತ್ತು ಚಾಚಿ ಹಿಡಿದು ತಿಂದ. ಸುಮ್ಮನೆ ಕೂತು ಹೋಗಲು ಮನಸ್ಸಾಗದೆ, ಅವಳ ಬೆನ್ನಿನಲ್ಲಿ ರಕ್ತ ಹೀರುತ್ತಿದ್ದ ಉಣ್ಣೆಹುಳಗಳನ್ನೂ ಹೆಕ್ಕಿದ. ಗುಡ್ಡದ ಬುಡ ಬಂತು. ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸಿ ಮೇಲೆ ಹೋದ.

ಬಂಡೆಯ ಮೇಲೆ ಹದ್ದು ಕೂತಿತ್ತು. ಹಳದಿ ಕಣ್ಣು, ತಲೆಯ ಮೇಲೆ ಜುಟ್ಟು. ಕರಿಬಸವ ಮುಂದೆ ಬಂದು ತಲೆ ಬಾಗಿಸಿದ.

"ದೊರೆಗಳೇ, ನನ್ನ ಹೆಂಡತಿಗೆ ನಿಮ್ಮಲ್ಲಿ ಕಾಯಂ ಕಾವಲು ಕೆಲಸ ಕೊಡುತ್ತೇನೆ ಎಂದಿದ್ದೀರಂತೆ. ಅವಳು ಬರುತ್ತಾಳೆ. ಆದರೆ ಹೊಂಗೆಮರದ ಮರಿಗಳು ಹಾರುವವರೆಗೆ ದಯವಿಟ್ಟು ಕಾಯಬೇಕು."

ಹದ್ದು ಕತ್ತು ಓರೆ ಮಾಡಿತು. "ನನಗೆ ಕಾವಲೇ? ಈ ಗುಡ್ಡದ ಮೇಲೆ ಕೂತರೆ ಹೊಳೆಯಾಚೆಯ ಹಾವಿನ ನೆತ್ತಿ ನನಗೆ ಕಾಣುತ್ತದೆ. ನನಗೇಕೆ ಕಾವಲು? ಯಾರು ಹೇಳಿದ್ದು?"

"ನಿಮ್ಮ ಕಾರಭಾರಿ. ಕೆಂಬೂತ."

"ನನಗೆ ಯಾವ ಕಾರಭಾರಿಯೂ ಇಲ್ಲ. ನನ್ನ ಊಟ ನಾನೇ ಹಿಡಿಯುತ್ತೇನೆ, ನನ್ನ ಗೂಡು ನಾನೇ ಕಟ್ಟುತ್ತೇನೆ." ಹದ್ದಿನ ದನಿ ಬಿರುಸಾಯಿತು. "ಕೆಂಬೂತ ಏನು ತಿನ್ನುತ್ತದೆ ಗೊತ್ತೇ ನಿನಗೆ? ಗೂಡಿನ ಮರಿ. ನಿನ್ನ ಹೆಂಡತಿಯನ್ನು ಇಲ್ಲಿಗೆ ಯಾಕೆ ಕಳಿಸುತ್ತಿದ್ದ ಎಂದು ಈಗಲಾದರೂ ಹೊಳೆಯಿತೇ?"

ಕರಿಬಸವನಿಗೆ ಹೊಳೆಯಿತು. ರೆಕ್ಕೆಯ ನೋವನ್ನೂ ಮರೆತು ಹಾರಲು ಹೊರಟ. ಅಷ್ಟರಲ್ಲಿ ಹದ್ದು ಬಂಡೆಯಿಂದ ಎದ್ದಾಗಿತ್ತು. "ನೀನು ನಿಧಾನವಾಗಿ ಬಾ. ನನ್ನ ಹೆಸರಿನಲ್ಲಿ ಕೆಲಸ ಹಂಚುವವನನ್ನು ನಾನೊಮ್ಮೆ ನೋಡಬೇಕು," ಎಂದು ಹೊಳೆಯ ದಿಕ್ಕಿಗೆ ಹಾರಿತು.

ಅದೇ ಹೊತ್ತಿಗೆ ಹೊಂಗೆಮರದಲ್ಲಿ ಸದ್ದಡಗಿತ್ತು. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿತ್ತು. ತಾಯಿಹಕ್ಕಿಗಳು ಹುಳ ಹುಡುಕಲು ಹೋಗಿದ್ದವು. ಮುದಿ ಸಾವಂತ್ರವ್ವ ಒಬ್ಬಳೇ ಗೂಡಿನಲ್ಲಿದ್ದಳು. ಒಣಕೊಂಬೆಯ ತುದಿ ಖಾಲಿಯಿತ್ತು. ಬಿಸಿಲು ತಾಳದೆ ನೀಲವ್ವ ಎಲೆಗಳ ನಡುವೆ, ಗೂಡುಗಳ ಪಕ್ಕದಲ್ಲಿ ಬಂದು ಕೂತಿದ್ದಳು.

ಖಾಲಿ ಕೊಂಬೆ ನೋಡಿ ಕೆಂಬೂತ ಮರ ಹತ್ತಿದ. ಕೊಂಬೆಯಿಂದ ಕೊಂಬೆಗೆ ಸದ್ದಿಲ್ಲದೆ ಬಂದ. ಪಿಕಳಾರದ ಗೂಡಿಗೆ ಕೊಕ್ಕು ಚಾಚಿದ.

"ಕಾರಭಾರಿಗಳು ಇಲ್ಲಿಗೇನು ಬಂದಿರಿ?"

ಕೆಂಬೂತ ಬೆಚ್ಚಿಬಿದ್ದ. ಎಲೆಗಳ ನಡುವಿನಿಂದ ನೀಲವ್ವ ಅವನನ್ನೇ ನೋಡುತ್ತಿದ್ದಳು.

"ನೀನು... ನೀನು ಗುಡ್ಡಕ್ಕೆ ಹೋದೆಯಲ್ಲ!" ಎಂದ. ಕೂಡಲೇ ದನಿ ಬದಲಾಯಿಸಿದ. "ಅಂದರೆ... ನಿನ್ನನ್ನೇ ಕರೆದುಕೊಂಡು ಹೋಗಲು ಬಂದೆ. ದೊರೆಗಳು ಒಪ್ಪಿದ್ದಾರೆ. ನಿನಗೆ ನೇಮಕವಾಗಿದೆ. ಹೊರಡು, ಹೊರಡು."

"ನೇಮಕ ಹೇಳಲು ಗೂಡಿನೊಳಗೆ ಕೊಕ್ಕು ಹಾಕಬೇಕಿತ್ತೇ?"

ಇನ್ನು ಮಾತಿನಿಂದ ಪ್ರಯೋಜನವಿಲ್ಲ ಎಂದು ಕೆಂಬೂತನಿಗೆ ತಿಳಿಯಿತು. ಗಾತ್ರದಲ್ಲಿ ಅವನು ಅವಳ ಎರಡರಷ್ಟಿದ್ದ. ಉಗುರು ಚಾಚಿ ಅವಳ ಮೇಲೆ ನುಗ್ಗಿದ. ನೀಲವ್ವ ಪಕ್ಕಕ್ಕೆ ಸರಿದು ಅವನ ನೆತ್ತಿ ಕುಕ್ಕಿದಳು. ಅವನು ರೆಕ್ಕೆಯಿಂದ ಹೊಡೆದ. ಅವಳು ಕೊಂಬೆಗೆ ಅಪ್ಪಳಿಸಿ ಬಿದ್ದಳು. ಕವಲುಬಾಲದ ಒಂದು ಗರಿ ಕಿತ್ತುಹೋಯಿತು. ಮರಿಗಳು ಚೀರಿದವು. "ನೀಲವ್ವಾ!" ಎಂದು ಸಾವಂತ್ರವ್ವ ಕೂಗಿದಳು.

ನೀಲವ್ವ ಎದ್ದಳು. ಕೆಂಬೂತ ಮತ್ತು ಗೂಡಿನ ನಡುವೆ ಬಂದು ನಿಂತಳು. ಮೈಯೆಲ್ಲ ನೋಯುತ್ತಿತ್ತು. ಆದರೂ ಕಾಲು ಹಿಂದೆಗೆಯಲಿಲ್ಲ.

"ಈ ಗೂಡಿಗೆ ನೀನು ಹೋಗಬೇಕಾದರೆ ನನ್ನನ್ನು ದಾಟಿಯೇ ಹೋಗಬೇಕು," ಎಂದಳು.

ಕೆಂಬೂತ ಮತ್ತೆ ನುಗ್ಗಲು ಮೈ ಕುಗ್ಗಿಸಿದ. ಆಗ ನೀಲವ್ವ ಕೊರಳೆತ್ತಿ ಒಂದು ದನಿ ತೆಗೆದಳು. "ಕೀ... ಕೀ... ಕೀಯೂ!" ಗವಿಗುಡ್ಡದ ಹದ್ದಿನ ದನಿ. ಥೇಟು ಅದೇ.

ಒಡೆಯನ ದನಿ ಕೇಳಿದರೆ ಕಾರಭಾರಿಗೆ ಸಂತೋಷವಾಗಬೇಕಿತ್ತು. ಕೆಂಬೂತ ಗಡಗಡ ನಡುಗಿದ. ಕೆಂಗಣ್ಣು ಮೇಲೆ ಕೆಳಗೆ ಹೊರಳಿತು. ಕೊಂಬೆ ಹಿಡಿದ ಉಗುರು ಸಡಿಲವಾಯಿತು.

"ಯಾಕೆ ನಡುಗುತ್ತೀರಿ? ನಿಮ್ಮ ದೊರೆಗಳಲ್ಲವೇ?" ಎಂದು ಕೇಳುತ್ತಲೇ ನೀಲವ್ವ ಅವನ ಮೇಲೆ ಎರಗಿದಳು. ನೆತ್ತಿ ಕುಕ್ಕಿದಳು. ಬೆನ್ನು ಕುಕ್ಕಿದಳು. ಸದ್ದು ಕೇಳಿ ಹಾರಿಬಂದ ಪಿಕಳಾರ ದಂಪತಿ ಎರಡು ಕಡೆಯಿಂದ ಕುಕ್ಕಿದರು. ಹೆಬ್ಬೆರಳಷ್ಟಿದ್ದ ಸೂರಕ್ಕಿಯೂ ತನ್ನ ಸೂಜಿಕೊಕ್ಕಿನಿಂದ ಒಂದು ತಿವಿತ ಕೊಟ್ಟಿತು. ಕೆಂಬೂತ ಆಯತಪ್ಪಿ ಧೊಪ್ಪನೆ ನೆಲಕ್ಕೆ ಬಿದ್ದ.

ಎದ್ದು ಓಡಬೇಕೆನ್ನುವಾಗ ನೆಲದ ಮೇಲೆ ದೊಡ್ಡ ನೆರಳೊಂದು ಹಾಯಿತು. ಈ ಸಲ ಬಂದದ್ದು ನಿಜವಾದ ಹದ್ದು.

"ನನ್ನ ಕಾರಭಾರಿ ಯಾರು? ಮುಂದೆ ಬರಲಿ!"

ಕೆಂಬೂತ ಮುಂದೆ ಬರಲಿಲ್ಲ. ಮುಳ್ಳುಪೊದೆಯೊಳಗೆ ತಲೆ ಕೊಟ್ಟು ನುಗ್ಗಿದ. ಉದ್ದ ಬಾಲ ಮುಳ್ಳಿಗೆ ಸಿಕ್ಕಿಕೊಂಡಿತು. ಎಳೆದುಕೊಂಡಾಗ ಅರ್ಧ ಪುಕ್ಕ ಮುಳ್ಳಿನಲ್ಲೇ ಉಳಿಯಿತು. ಹದ್ದು ಪೊದೆಯ ಮೇಲೆ ಎರಡು ಸುತ್ತು ಹಾಕಿ ಗುಡುಗಿತು. "ಕೇಳು, ಕೆಂಬೂತ! ನನ್ನ ಹೆಸರು ಹೇಳಿಕೊಂಡು ಇನ್ನೊಮ್ಮೆ ಬಯಲಲ್ಲಿ ಕಾಣಿಸಿಕೊಂಡರೆ ಅದೇ ನಿನ್ನ ಕೊನೆಯ ದಿನ."

ಅಂದಿನಿಂದ ಕೆಂಬೂತ ಬಯಲಲ್ಲಿ ಎದೆಯೆತ್ತಿ ನಡೆಯುವುದನ್ನು ಬಿಟ್ಟ. ಪೊದೆಯೊಳಗೇ ಅಡಗಿ "ಊಪ್, ಊಪ್" ಎಂದು ಗಂಟಲಲ್ಲೇ ಕೊರಗುತ್ತಾನೆ. ಕಾಣಿಸಿಕೊಳ್ಳುವುದು ಅಪರೂಪ.

ಸಂಜೆ ಕರಿಬಸವ ಮರಳಿದ. ಹೆಂಡತಿಯ ಬಾಲದಲ್ಲಿ ಗರಿಯೊಂದು ಇಲ್ಲದ್ದನ್ನು ನೋಡಿ ತಲೆ ತಗ್ಗಿಸಿದ.

"ನಾನು ಹೇಳಿದಂತೆ ನೀನು ಕೇಳಿದ್ದರೆ..." ಎಂದ.

"ನೀವು ಹೋದದ್ದು ನಮ್ಮಿಬ್ಬರಿಗಾಗಿಯೇ ಅಲ್ಲವೇ?" ಎಂದಳು ನೀಲವ್ವ. "ಆ ರೆಕ್ಕೆಯಲ್ಲಿ ಗುಡ್ಡ ಹತ್ತಿದಿರಿ. ನನಗೆ ಅಷ್ಟು ಸಾಕು. ಬನ್ನಿ, ಸಾವಂತ್ರವ್ವ ನಿಮ್ಮ ಪಾಲಿನ ಹುಳ ತೆಗೆದಿಟ್ಟಿದ್ದಾಳೆ."

ಕೆಲವು ದಿನ ಕಳೆದ ಮೇಲೆ ಕಾಡೆಮ್ಮೆಗಳು ನೀರು ಕುಡಿಯಲು ಹೊಳೆಗೆ ಬಂದವು. ಬಿಳಿಗಾಲಿನ ಯಜಮಾನಿ ಹೊಂಗೆಯ ನೆರಳಿಗೆ ಬಂದು ನಿಂತಳು.

"ನಿನ್ನ ಗಂಡ ನನ್ನ ಬೆನ್ನ ಮೇಲೆ ಕೂತು ಬಂದ," ಎಂದಳು ನೀಲವ್ವನಿಗೆ. "ಸುಮ್ಮನೆ ಕೂರಲಿಲ್ಲ, ಉಣ್ಣೆ ಹೆಕ್ಕಿಕೊಟ್ಟ. ಈ ಮರದಲ್ಲಿ ನಡೆದದ್ದೂ ಕೇಳಿದೆ. ನಮ್ಮ ಹಿಂಡಿನ ಜೊತೆ ಬಂದುಬಿಡಿ. ಬೆನ್ನ ಮೇಲೆ ಕೂತು ಹುಲಿ ಬಂದರೆ ಕೂಗಿ ಹೇಳಬೇಕು. ನಾವು ಮೇಯುವಾಗ ಏಳುವ ಮಿಡತೆಯೆಲ್ಲ ನಿಮ್ಮದು. ಬೇಸಿಗೆ, ಮಳೆ, ಚಳಿ ಎಲ್ಲ ಕಾಲಕ್ಕೂ."

ಕರಿಬಸವ ಹೆಂಡತಿಯ ಕಡೆ ನೋಡಿದ. ಈ ಸಲ ತೀರ್ಮಾನವನ್ನು ಅವಳಿಗೇ ಬಿಟ್ಟ.

ನೀಲವ್ವ ಕೇಳಿದಳು, "ಅಕ್ಕ, ಮೊದಲು ಈ ಕೆಲಸ ಯಾರು ಮಾಡುತ್ತಿದ್ದರು?"

"ಒಂದು ಮುದಿ ಮೈನಾ. ವಯಸ್ಸಾಗಿತ್ತು, ಹೋದ ಚಳಿಗಾಲದಲ್ಲಿ ತೀರಿಕೊಂಡಿತು. ಬೇಕಾದರೆ ಹಿಂಡಿನಲ್ಲಿ ಯಾರನ್ನಾದರೂ ಕೇಳು."

"ಯಾವಾಗ ಬರಬೇಕು?"

"ನಿನಗೆ ಯಾವಾಗ ಆಗುತ್ತದೆ?"

"ಇಲ್ಲಿನ ಕೊನೆಯ ಮರಿ ಹಾರಿದ ಮೇಲೆ."

"ಹಾರಲಿ," ಎಂದಳು ಕಾಡೆಮ್ಮೆ. "ಇಲ್ಲಿ ಅರ್ಧಕ್ಕೆ ಬಿಟ್ಟು ಬರುವವಳು ನಾಳೆ ಹುಲಿ ಕಂಡಾಗ ನಮ್ಮನ್ನೂ ಬಿಟ್ಟು ಹೋದಾಳು. ನಾವು ಮಳೆ ಬೀಳುವವರೆಗೆ ಈ ಹುಲ್ಲುಗಾವಲಿನಲ್ಲೇ ಇರುತ್ತೇವೆ. ನಿನ್ನ ಕೆಲಸ ಮುಗಿಸಿ ಬಾ."

ಆದರೂ ನೀಲವ್ವ ಹಿಂಡಿನ ಬೇರೆ ಕಾಡೆಮ್ಮೆಗಳನ್ನು ಕೇಳದೆ ಬಿಡಲಿಲ್ಲ. ಅವು ಮುದಿ ಮೈನಾದ ಕತೆಯನ್ನು ಕಣ್ಣೊದ್ದೆ ಮಾಡಿಕೊಂಡೇ ಹೇಳಿದವು. ಆಗ ಅವಳು ಒಪ್ಪಿದಳು.

ಮುಗಿಲು ಕಟ್ಟುವ ಹೊತ್ತಿಗೆ ಮರಿಗಳು ಹಾರತೊಡಗಿದವು. ಮೊದಲು ಪಿಕಳಾರದವು, ಆಮೇಲೆ ಬೆಳವದವು. ಸೂರಕ್ಕಿಯ ಕೊನೆಯ ಮರಿಯೊಂದು ಗೂಡಿನ ಬಾಯಿಯಲ್ಲಿ ಕೂತು, ಹೆದರಿ, ಹಾರಲೊಲ್ಲೆ ಎಂದಿತು. ಎಲ್ಲರೂ ಹೋಗಿ ಆಗಿತ್ತು. ನೀಲವ್ವ ಅದಕ್ಕಾಗಿಯೇ ಕಾದಳು. ಒಂದು ಬೆಳಿಗ್ಗೆ ಆ ಮರಿ ಕಣ್ಣು ಮುಚ್ಚಿಕೊಂಡು ಜಿಗಿಯಿತು. ಗಾಳಿಯಲ್ಲಿ ತೂರಾಡಿತು. ಆಮೇಲೆ ನೆಟ್ಟಗಾಗಿ ಹಾರಿತು.

ಸಾವಂತ್ರವ್ವ ಬೀಳ್ಕೊಡಲು ಬಂದಳು. "ಬರುವ ಬೇಸಿಗೆಗೆ ನೀನು ಸಿಗುವುದಿಲ್ಲ. ಅಲ್ಲವೇ ಮಗಳೇ?"

"ಇಲ್ಲ ಅಜ್ಜಿ. ನನ್ನ ಅಕ್ಕನ ಮಗಳು ಇದ್ದಾಳೆ. ಗಟ್ಟಿಗಿತ್ತಿ. ಅವಳಿಗೆ ಇಷ್ಟವಿದ್ದರೆ ಕಳಿಸುತ್ತೇನೆ. ಒಪ್ಪಿಕೊಂಡರೆ ಕೊನೆಯವರೆಗೂ ನಿಲ್ಲುತ್ತಾಳೆ."

ಮಳೆಯ ಮೊದಲ ಹನಿ ಬಿದ್ದಾಗ ಗಂಡ ಹೆಂಡತಿ ಹುಲ್ಲುಗಾವಲು ತಲುಪಿದ್ದರು. ಕರಿಬಸವ ಒಂದು ಬೆನ್ನ ಮೇಲೆ ಕೂತ, ನೀಲವ್ವ ಇನ್ನೊಂದರ ಮೇಲೆ. ಹಿಂಡು ಮೆಲ್ಲನೆ ಹೊರಟಿತು. ನೀಲವ್ವ ಒಮ್ಮೆ ಮೈ ಕೊಡವಿ, ಎದುರಿನ ಎತ್ತರದ ಹುಲ್ಲಿನ ಮೇಲೆ ಕಣ್ಣು ನೆಟ್ಟಳು. ಅವಳ ಕೆಲಸ ಶುರುವಾಗಿತ್ತು.

ನೀತಿ: ಕೆಲಸ ಹಂಗಾಮಿಯಾದರೂ ಕೊಟ್ಟ ಮಾತು ಹಂಗಾಮಿಯಲ್ಲ. ಇನ್ನೊಬ್ಬರಿಗೆ ಕೊಟ್ಟ ಮಾತನ್ನು ಮುರಿದು ಬಾ ಎನ್ನುವವನು, ನಮಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳುವುದಿಲ್ಲ.